ಕಂಪ್ಯೂಟರ್ ಏಳದಿದ್ದರೆ ಮೊದಲು ಏನು ಮಾಡಬೇಕು?

(ಶಿವನಿಯಲ್ಲಿ ನಡೆದ ನಮ್ಮ ಸಂಘದ ವಾರ್ಷಿಕ ಸಭೆಯಲ್ಲಿ ಸದಸ್ಯರು ಹಾಗೂ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಭಾಷಣದ ಬರಹರೂಪ)



"ಶಿಕ್ಷಣದ ಮಹತ್ವ" ಎಂಬ ವಿಷಯದ ಮೇಲೆ ಮಾತನಾಡಿ ಎಂದು ಕಾರ್ಯದರ್ಶಿಗಳು ಮೊದಲು ಹೇಳಿದ್ದರು. ಆ ವಿಷಯದಲ್ಲಿ ನನಗಿಂತ ಚೆನ್ನಾಗಿ ಮಾತನಾಡಬಲ್ಲವರು ಈ ವೇದಿಕೆಯ ಮೇಲೆಯೇ ನಾಲ್ಕು ಜನ ಇದ್ದಾರೆ. ನಾನು ಇಪ್ಪತ್ತು ವರ್ಷಗಳಿಂದ ಈ ಭಾಗದಲ್ಲಿ ಕಂಪ್ಯೂಟರ್ ರಿಪೇರಿ ಮಾಡಿಕೊಂಡು ಬಂದವನು. ನನಗೆ ಗೊತ್ತಿರುವುದನ್ನೇ ಹೇಳುತ್ತೇನೆ ಎಂದು ಕೇಳಿಕೊಂಡೆ. ದೊಡ್ಡ ಮನಸ್ಸು ಮಾಡಿ ಒಪ್ಪಿದರು. ಹಾಗಾಗಿ ಇವತ್ತಿನ ವಿಷಯ ತೀರಾ ಸಣ್ಣದು: ಸ್ವಿಚ್ ಒತ್ತಿದಾಗ ಕಂಪ್ಯೂಟರ್ ಏಳದಿದ್ದರೆ ಏನು ಮಾಡಬೇಕು, ಅದಕ್ಕಿಂತ ಮುಖ್ಯವಾಗಿ ಏನು ಮಾಡಬಾರದು.

ನಮ್ಮ ಮನೆಯಲ್ಲಿ ಕಂಪ್ಯೂಟರೇ ಇಲ್ಲ, ನಮಗೇಕೆ ಈ ಮಾತು ಎಂದು ಹಿಂದಿನ ಸಾಲಿನಲ್ಲಿ ಕುಳಿತ ಹಿರಿಯರು ಅಂದುಕೊಳ್ಳಬಹುದು. ನಿಮ್ಮ ಮೊಮ್ಮಗಳ ವಿದ್ಯಾರ್ಥಿವೇತನದ ಅರ್ಜಿ, ಮಗನ ಕಾಲೇಜಿನ ಪ್ರಾಜೆಕ್ಟ್, ಈ ಸಂಘಕ್ಕೆ ನೀವು ಕೊಟ್ಟ ದೇಣಿಗೆಯ ಲೆಕ್ಕ, ಮದುವೆಯ ಫೋಟೋ ಎಲ್ಲವೂ ಯಾವುದೋ ಒಂದು ಕಂಪ್ಯೂಟರಿನ ಹೊಟ್ಟೆಯೊಳಗೆ ಇವೆ. ಅದು ಏಳಲಿಲ್ಲ ಎಂದರೆ ನಿಮ್ಮ ಕೆಲಸವೂ ನಿಂತಿತು ಎಂದೇ ಅರ್ಥ.

ಮೊದಲು ನಾನು ಮಾಡಿದ ಒಂದು ತಪ್ಪನ್ನು ಹೇಳಿಬಿಡುತ್ತೇನೆ. 2007ನೇ ಇಸವಿ. ಆಗ ನಾನು ಕೆಲಸ ಕಲಿತು ಹೆಚ್ಚು ದಿನ ಆಗಿರಲಿಲ್ಲ, ಆದರೆ ಎಲ್ಲ ಗೊತ್ತಿದೆ ಎಂಬ ಭಾವನೆ ಮಾತ್ರ ಬೇಕಾದಷ್ಟಿತ್ತು. ನಿವೃತ್ತರಾದ ಮೇಷ್ಟ್ರೊಬ್ಬರು ತಮ್ಮ ಸಿಪಿಯು ಡಬ್ಬವನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ತಂದರು. ವಿಂಡೋಸ್ ಎಕ್ಸ್‌ಪಿ ಇದ್ದ ಕಾಲ. ಆನ್ ಮಾಡಿದರೆ ವಿಂಡೋಸ್ ಚಿಹ್ನೆ ಬಂದು, ನೀಲಿ ಪರದೆ ಮಿಂಚಿ, ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು. "ಮುಖ್ಯವಾದದ್ದು ಏನಾದರೂ ಇದೆಯಾ ಸರ್?" ಎಂದು ಕೇಳಿದೆ. "ಎಲ್ಲಾ ಮುಂದೇನೇ ಇದೆ ಕಣಪ್ಪ, ಆನ್ ಮಾಡಿದ ಕೂಡಲೇ ಕಾಣುತ್ತೆ" ಎಂದರು. ಅವರು ಹೇಳಿದ್ದು ಡೆಸ್ಕ್‌ಟಾಪ್ ಬಗ್ಗೆ. ನನಗೆ ಅದು ಹೊಳೆಯಲಿಲ್ಲ. "ಡಿ ಡ್ರೈವ್ ಮುಟ್ಟುವುದಿಲ್ಲ ಸರ್, ಸಿ ಮಾತ್ರ ಫಾರ್ಮ್ಯಾಟ್ ಮಾಡುತ್ತೇನೆ, ನಿಮ್ಮದೆಲ್ಲಾ ಭದ್ರ" ಎಂದು ಹೇಳಿ ಒಂದು ಗಂಟೆಯಲ್ಲಿ ಹೊಸ ವಿಂಡೋಸ್ ಹಾಕಿಕೊಟ್ಟೆ.

ಡೆಸ್ಕ್‌ಟಾಪ್ ಇರುವುದು ಸಿ ಡ್ರೈವಿನಲ್ಲೇ. ಮೈ ಡಾಕ್ಯುಮೆಂಟ್ಸ್ ಇದ್ದದ್ದೂ ಅಲ್ಲೇ.

ಮೇಷ್ಟ್ರು ನಾಲ್ಕು ವರ್ಷ ಕುಳಿತು ಈ ಭಾಗದ ಬೇಸಾಯದ ಮಾತುಗಳು, ಗಾದೆಗಳು, ಅಡಿಕೆ ತೋಟದ ಶಬ್ದಗಳನ್ನೆಲ್ಲ ಒಂದೇ ಬೆರಳಿನಲ್ಲಿ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟಿದ್ದರು. ಪರದೆಯ ಮೇಲೆ ಬೆರಳಿಟ್ಟು "ಇಲ್ಲಿತ್ತಲ್ಲಪ್ಪಾ" ಎಂದರು. ಮೂರು ದಿನ ಫೈಲು ಮರಳಿ ತೆಗೆಯುವ ತಂತ್ರಾಂಶಗಳನ್ನೆಲ್ಲ ಓಡಿಸಿದೆ. ಹಳೆಯ ಫೈಲುಗಳಿದ್ದ ಜಾಗದ ಮೇಲೆ ಹೊಸ ವಿಂಡೋಸ್ ಕುಳಿತಿತ್ತು. ಹೆಸರಿಲ್ಲದ, ಬರೀ ನಂಬರ್ ಇರುವ ಕೆಲವು ತುಂಡು ಫೈಲುಗಳು ಸಿಕ್ಕವು, ಅಷ್ಟೇ. ಅವರು ನನ್ನನ್ನು ಬೈಯಲಿಲ್ಲ. ರಿಪೇರಿ ಚಾರ್ಜನ್ನೂ ಎಣಿಸಿ ಟೇಬಲ್ ಮೇಲೆ ಇಟ್ಟು ಹೋದರು. ಮತ್ತೆ ಅವರು ಟೈಪ್ ಮಾಡಲು ಕೂರಲಿಲ್ಲ ಎಂದು ಆಮೇಲೆ ಗೊತ್ತಾಯಿತು. ಆ ಹಣವನ್ನು ತೆಗೆದುಕೊಂಡದ್ದು ನನಗೆ ಇವತ್ತಿಗೂ ನೆನಪಾಗುತ್ತದೆ.

ಆದ್ದರಿಂದ ಇದೊಂದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಕಂಪ್ಯೂಟರ್ ಏಳದಿರುವುದು ಬೇರೆ, ಅದರೊಳಗಿನ ಮಾಹಿತಿ ಹಾಳಾಗುವುದು ಬೇರೆ. ಅಡಿಕೆ ಮಂಡಿಯ ಶಟರ್ ಸಿಕ್ಕಿಕೊಂಡರೆ ಒಳಗಿನ ಮೂಟೆಗಳಿಗೆ ಏನೂ ಆಗಿರುವುದಿಲ್ಲ. ಶಟರ್ ಸರಿಮಾಡಲು ಮಂಡಿಗೆ ಬೆಂಕಿ ಹಚ್ಚುವವರನ್ನು ನಾನು ನೋಡಿಲ್ಲ. ಆದರೆ ಕಂಪ್ಯೂಟರ್ ವಿಷಯದಲ್ಲಿ ನಾವು ದಿನವೂ ಮಾಡುವುದು ಅದನ್ನೇ, "ಫಾರ್ಮ್ಯಾಟ್ ಹೊಡೆದುಬಿಡಿ, ಸರಿಹೋಗುತ್ತೆ" ಎನ್ನುತ್ತೇವೆ. ಸರಿಹೋಗುತ್ತದೆ, ನಿಜ. ಖಾಲಿ ಮಂಡಿಯ ಶಟರ್ ಸಲೀಸಾಗಿ ಏಳುತ್ತದೆ.

ಈಗ ಕಂಪ್ಯೂಟರ್ ಏಳುವುದು ಎಂದರೇನು ಎಂಬುದನ್ನು ನೋಡೋಣ. ಇದಕ್ಕೆ "ಬೂಟ್ ಆಗುವುದು" ಎನ್ನುತ್ತಾರೆ. ಬೂಟ್ ಎಂದರೆ ಕಾಲಿಗೆ ಹಾಕುವ ಬೂಟೇ. ತನ್ನ ಬೂಟಿನ ಪಟ್ಟಿಯನ್ನು ತಾನೇ ಹಿಡಿದೆತ್ತಿ ಮೇಲೇಳುವುದು ಎಂಬ ತಮಾಷೆಯ ಮಾತಿನಿಂದ ಬಂದ ಹೆಸರು. ಏಕೆಂದರೆ ತಂತ್ರಾಂಶವನ್ನು ಓಡಿಸಬೇಕಾದರೆ ಮೊದಲು ಅದನ್ನು ಡಿಸ್ಕಿನಿಂದ ತರುವ ಇನ್ನೊಂದು ತಂತ್ರಾಂಶ ಬೇಕು. ಅದನ್ನು ತರಲು ಮತ್ತೊಂದು ಬೇಕು. ಹೀಗೆ ಸಣ್ಣದು ತನಗಿಂತ ದೊಡ್ಡದನ್ನು ಎಬ್ಬಿಸುತ್ತಾ ಹೋಗುತ್ತದೆ.

ನಮ್ಮೂರಿನವರಿಗೆ ರೈಲಿನ ಉದಾಹರಣೆ ಸುಲಭ. ಬೀರೂರಿನಿಂದ ಹೊರಟ ಗಾಡಿ ಅಜ್ಜಂಪುರ ದಾಟಿ ಶಿವನಿಗೆ ಬರಬೇಕು, ಆಮೇಲೆ ಹೊಸದುರ್ಗ ರೋಡ್, ಚಿಕ್ಕಜಾಜೂರು. ಗಾಡಿ ಶಿವನಿಗೆ ಬರಲಿಲ್ಲ ಎಂದರೆ "ಗಾಡಿ ಹಾಳಾಯಿತು, ಹೊಸ ಗಾಡಿ ತನ್ನಿ" ಎಂದು ಯಾರೂ ಕೂಗುವುದಿಲ್ಲ. ಬೀರೂರು ಬಿಟ್ಟಿದೆಯೇ, ಅಜ್ಜಂಪುರ ದಾಟಿದೆಯೇ ಎಂದು ಕೇಳುತ್ತೇವೆ. ಕಂಪ್ಯೂಟರಿಗೂ ಅದೇ ಪ್ರಶ್ನೆ. ಎಲ್ಲಿಯವರೆಗೆ ಬಂದು ನಿಂತಿತು? ರಿಪೇರಿಯವನಿಗೆ ಫೋನ್ ಮಾಡಿ "ಆನ್ ಆಗ್ತಿಲ್ಲ" ಎಂದರೆ ಅವನಿಗೆ ಏನೂ ತಿಳಿಯುವುದಿಲ್ಲ. ಪರದೆಯ ಮೇಲೆ ಕಂಡ ಅಕ್ಷರಗಳನ್ನು ಮೊಬೈಲಿನಲ್ಲಿ ಫೋಟೋ ತೆಗೆದು ಕಳಿಸಿದರೆ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ಮೊದಲ ನಿಲ್ದಾಣ ಕರೆಂಟು. ನಗಬೇಡಿ. ಒಮ್ಮೆ ತುರ್ತು ಎಂದು ಕರೆದರು, ಮಳೆಯಲ್ಲಿ ನೆನೆದುಕೊಂಡು ಬಂದೆ, ನೋಡಿದರೆ ಮಾನಿಟರಿನ ಬಟನ್ ಆಫ್ ಆಗಿತ್ತು. ಪ್ಲಗ್ಗು, ಯುಪಿಎಸ್ಸು, ಮಾನಿಟರ್ ವೈರು ಇವನ್ನು ನೋಡಿಕೊಳ್ಳಿ. ಫ್ಯಾನೇ ತಿರುಗದಿದ್ದರೆ ಕರೆಂಟು ಹಂಚುವ ಎಸ್‌ಎಂಪಿಎಸ್ ಡಬ್ಬ ಹೋಗಿರಬಹುದು. ನಮ್ಮ ಕಡೆ ವೋಲ್ಟೇಜ್ ಏರಿಳಿತಕ್ಕೂ, ಏಪ್ರಿಲ್ ಮೇ ತಿಂಗಳ ಗುಡುಗು ಸಿಡಿಲಿಗೂ ಅದು ಬಲಿಯಾಗುವುದು ಹೆಚ್ಚು. ಅದು ಹೋದರೆ ಬೇರೆ ಹಾಕಿಸಿ. ಬಹುಪಾಲು ಸಂದರ್ಭಗಳಲ್ಲಿ ಒಳಗಿನ ಹಾರ್ಡ್ ಡಿಸ್ಕಿಗೆ ಏನೂ ಆಗಿರುವುದಿಲ್ಲ.

ಎರಡನೆಯದು ಕಂಪ್ಯೂಟರ್ ತನ್ನನ್ನು ತಾನೇ ಪರೀಕ್ಷೆ ಮಾಡಿಕೊಳ್ಳುವ ಹಂತ. ಮದರ್‌ಬೋರ್ಡಿನ ಮೇಲೆಯೇ ಬಯಾಸ್ ಎಂಬ ಚಿಕ್ಕ ತಂತ್ರಾಂಶ ಇರುತ್ತದೆ, ಹೊಸ ಯಂತ್ರಗಳಲ್ಲಿ ಅದರ ಜಾಗಕ್ಕೆ ಯುಇಎಫ್‌ಐ ಬಂದಿದೆ. ಅದು ಮೆಮೊರಿ ಇದೆಯೇ, ಕೀಬೋರ್ಡ್ ಇದೆಯೇ ಎಂದು ಹಾಜರಿ ತೆಗೆದುಕೊಳ್ಳುತ್ತದೆ. ಪರದೆ ಕಪ್ಪಾಗಿದ್ದು ಡಬ್ಬದಿಂದ ಕುಯ್ ಕುಯ್ ಎಂದು ಸದ್ದು ಬಂದರೆ ಬಹಳ ಸಲ ರ‍್ಯಾಮ್ ಸರಿಯಾಗಿ ಕುಳಿತಿರುವುದಿಲ್ಲ. ಪ್ಲಗ್ ಕಿತ್ತು, ಪವರ್ ಬಟನನ್ನು ಒಂದೆರಡು ಸಲ ಒತ್ತಿ ಉಳಿದ ವಿದ್ಯುತ್ತು ಹರಿದು ಹೋಗಲು ಬಿಟ್ಟು, ಡಬ್ಬದ ಕಬ್ಬಿಣವನ್ನು ಮುಟ್ಟಿ, ಆಮೇಲೆ ರ‍್ಯಾಮ್ ಪಟ್ಟಿಯನ್ನು ತೆಗೆದು ಅದರ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸುವುದು ನಮ್ಮ ಕಸುಬಿನವರ ಮೊದಲ ಪಾಠ.

ಮೂರನೆಯ ನಿಲ್ದಾಣದಲ್ಲಿ ಬಯಾಸ್ ಡಿಸ್ಕನ್ನು ಹುಡುಕುತ್ತದೆ. "ನೋ ಬೂಟಬಲ್ ಡಿವೈಸ್" ಅಥವಾ "ಆಪರೇಟಿಂಗ್ ಸಿಸ್ಟಮ್ ನಾಟ್ ಫೌಂಡ್" ಎಂಬ ಮಾತು ಬರುವುದು ಇಲ್ಲಿ. ಇದನ್ನು ಓದಿದ ಕೂಡಲೇ ಎದೆ ಧಸಕ್ಕೆನ್ನುತ್ತದೆ, ಎಲ್ಲಾ ಹೋಯಿತು ಎಂದುಕೊಳ್ಳುತ್ತೇವೆ. ಈ ಹಂತದ ಒಂದು ಪ್ರಸಂಗವನ್ನು ಹೇಳಬೇಕು, ಇಲ್ಲಿರುವ ಹಲವರಿಗೆ ಅದು ಗೊತ್ತಿದೆ.

ನಮ್ಮ ಸಂಘದ ಕಚೇರಿಯ ಕಂಪ್ಯೂಟರ್ ಒಂದು ಬೆಳಿಗ್ಗೆ ಹೀಗೇ ಕಪ್ಪು ಪರದೆ ತೋರಿಸಿತು. ವಿದ್ಯಾರ್ಥಿವೇತನದ ಅರ್ಜಿಗೆ ಎರಡೇ ದಿನ ಬಾಕಿ. ಮಕ್ಕಳ ಆದಾಯ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿ, ಅಂಕಪಟ್ಟಿ ಎಲ್ಲವನ್ನೂ ಸ್ಕ್ಯಾನ್ ಮಾಡಿ ಅದರಲ್ಲೇ ಇಟ್ಟಿದ್ದರು. ಕೂಲಿ ಬಿಟ್ಟು ತಾಲ್ಲೂಕು ಕಚೇರಿಗೆ ಎರಡೆರಡು ಸಲ ಅಲೆದು ತಂದ ಕಾಗದಗಳು ಅವು. ಒಬ್ಬರು ಹಾರ್ಡ್ ಡಿಸ್ಕ್ ಸುಟ್ಟಿದೆ, ಹೊಸದು ಹಾಕಿಸಿ ಎಂದರು. ಇನ್ನೊಬ್ಬರು ಪೆನ್‌ಡ್ರೈವ್‌ನಲ್ಲಿ ವಿಂಡೋಸ್ ತಂದೇಬಿಟ್ಟಿದ್ದರು, ಅರ್ಧ ಗಂಟೆಯಲ್ಲಿ ಹೊಸದಾಗಿ ಹಾಕಿಕೊಡುತ್ತೇನೆ ಎಂದು. ಪುಣ್ಯಕ್ಕೆ ಕಚೇರಿಯ ಹುಡುಗ "ಭಾಯ್ ಬರಲಿ, ಅಲ್ಲಿಯವರೆಗೆ ಯಾರೂ ಮುಟ್ಟಬೇಡಿ" ಎಂದು ಹಠ ಹಿಡಿದು ಕೂತಿದ್ದ.

ನಾನು ಬಂದು ಬಯಾಸ್ ಒಳಗೆ ಹೋಗಿ ಮೊದಲು ನೋಡಿದ್ದು ತಾರೀಖು. ಕಂಪ್ಯೂಟರಿನ ಪ್ರಕಾರ ಅವತ್ತು ಹತ್ತು ವರ್ಷಕ್ಕೂ ಹಿಂದಿನ ಒಂದು ಜನವರಿ ಒಂದನೇ ತಾರೀಖು! ಮದರ್‌ಬೋರ್ಡಿನ ಮೇಲೆ ನಾಣ್ಯದಂಥ ಒಂದು ಸೆಲ್ ಇರುತ್ತದೆ, ಸಿಆರ್ 2032 ಎಂದು ಅದರ ಹೆಸರು, ಮೂರು ವೋಲ್ಟಿನದು. ಕರೆಂಟು ಇಲ್ಲದಿದ್ದಾಗಲೂ ಗಡಿಯಾರ ಓಡುವುದು, ಹಳೆಯ ಯಂತ್ರಗಳಲ್ಲಿ ಬಯಾಸ್‌ಗೆ ಹೇಳಿಕೊಟ್ಟ ಏರ್ಪಾಡುಗಳು ನೆನಪಿರುವುದು ಆ ಸೆಲ್ಲಿನ ದಯೆಯಿಂದ. ಅದು ಮುಗಿದಿತ್ತು. ಹಿಂದಿನ ರಾತ್ರಿ ಕರೆಂಟು ಹೋದಾಗ ಬಯಾಸ್ ಎಲ್ಲವನ್ನೂ ಮರೆತು, ಕಾರ್ಖಾನೆಯಿಂದ ಬಂದಾಗಿನ ಸ್ಥಿತಿಗೆ ಹೋಗಿತ್ತು. ವಿಂಡೋಸನ್ನು ಹಳೆಯ ಲೆಗಸಿ ವಿಧಾನದಲ್ಲಿ ಹಾಕಿದ್ದರು, ಯಂತ್ರ ಅದನ್ನು ಯುಇಎಫ್‌ಐ ವಿಧಾನದಲ್ಲಿ ಹುಡುಕುತ್ತಿತ್ತು. ಬಾಗಿಲು ಪೂರ್ವಕ್ಕಿರುವ ಮನೆಯ ಪಶ್ಚಿಮದ ಗೋಡೆಯನ್ನು ತಟ್ಟುತ್ತಾ ನಿಂತ ಹಾಗೆ. ಸೆಲ್ ಬದಲಿಸಿ, ಆ ಒಂದು ಏರ್ಪಾಡನ್ನು ತಿದ್ದಿದೆ. ಕಂಪ್ಯೂಟರ್ ಎದ್ದಿತು. ಸೆಲ್ಲಿಗೆ ಕೊಟ್ಟದ್ದು ಐವತ್ತು ರೂಪಾಯಿಗೂ ಕಡಿಮೆ. ಅರ್ಜಿಗಳೆಲ್ಲ ಮರುದಿನ ಸಂಜೆಯೊಳಗೆ ಹೋದವು. ಅಂದು ಆ ಪೆನ್‌ಡ್ರೈವಿನ ಮಾತು ನಡೆದಿದ್ದರೆ ಮಕ್ಕಳ ತಂದೆತಾಯಿಯರು ಮತ್ತೆ ಕಾಗದಗಳಿಗೆ ಅಲೆಯಬೇಕಿತ್ತು, ಅದೂ ಎರಡು ದಿನದಲ್ಲಿ.

ಇದೇ ಸಂದೇಶಕ್ಕೆ ಇನ್ನೂ ಸುಲಭವಾದ ಕಾರಣವೂ ಇರುತ್ತದೆ. ಯಾರೋ ಪೆನ್‌ಡ್ರೈವ್ ಸಿಕ್ಕಿಸಿ ಹಾಗೇ ಬಿಟ್ಟಿರುತ್ತಾರೆ, ಕಂಪ್ಯೂಟರ್ ಅದರಲ್ಲಿ ವಿಂಡೋಸ್ ಹುಡುಕಿ ಸೋಲುತ್ತದೆ. ಎಕ್ಸ್‌ಪಿ ಕಾಲದಲ್ಲಿ "ಎನ್‌ಟಿಎಲ್‌ಡಿಆರ್ ಈಸ್ ಮಿಸ್ಸಿಂಗ್" ಎಂದು ಬರುತ್ತಿದ್ದ ಸಂದೇಶ ಎಷ್ಟೋ ಸಲ ಮರೆತುಬಿಟ್ಟ ಫ್ಲಾಪಿಯ ಕರಾಮತ್ತಾಗಿರುತ್ತಿತ್ತು. ಕಿತ್ತು ಮತ್ತೆ ಆನ್ ಮಾಡಿದರೆ ಮುಗಿಯಿತು. ಆದರೆ ಹಾರ್ಡ್ ಡಿಸ್ಕಿನಿಂದ ಟಕ್ ಟಕ್ ಎಂದು ಒಂದೇ ಸಮನೆ ಸದ್ದು ಬರುತ್ತಿದ್ದರೆ ಮಾತು ಬೇರೆ. ಡಿಸ್ಕಿನೊಳಗೆ ಓದುವ ಸೂಜಿಯಂಥ ಭಾಗ, ತಿರುಗುವ ತಟ್ಟೆಯ ಮೇಲೆ ಕೂದಲೆಳೆಗಿಂತ ಸಾವಿರಾರು ಪಟ್ಟು ಕಡಿಮೆ ಅಂತರದಲ್ಲಿ ತೇಲುತ್ತಿರುತ್ತದೆ. ಅದು ತಟ್ಟೆಗೆ ತಗಲಿದ್ದರೆ ಪ್ರತಿ ಸಲ ಆನ್ ಮಾಡಿದಾಗಲೂ ಇನ್ನಷ್ಟು ಗೀಚುತ್ತದೆ. ಕೂಡಲೇ ಆಫ್ ಮಾಡಿ, ಮತ್ತೆ ಆನ್ ಮಾಡಬೇಡಿ. ಅದು ದೊಡ್ಡ ಊರಿನ ಮಾಹಿತಿ ಮರುಪಡೆಯುವ ಪ್ರಯೋಗಾಲಯದ ಕೆಲಸ, ಸಾವಿರಾರು ರೂಪಾಯಿಯ ಬಾಬತ್ತು. ಒಳಗಿರುವುದು ಅಷ್ಟು ಬೆಲೆ ಬಾಳುತ್ತದೆಯೇ ಎಂದು ನೀವೇ ನಿರ್ಧರಿಸಬೇಕು.

ನಾಲ್ಕನೆಯದು ಬೂಟ್ ಲೋಡರ್, ಅಂದರೆ ವಿಂಡೋಸನ್ನು ಕೈಹಿಡಿದು ಎಬ್ಬಿಸುವ ಸಹಾಯಕ. "ಬೂಟ್‌ಎಂಜಿಆರ್ ಈಸ್ ಮಿಸ್ಸಿಂಗ್" ಎಂದರೆ ಆ ಸಹಾಯಕ ಕಾಣೆಯಾಗಿದ್ದಾನೆ, ಯಜಮಾನರು ಒಳಗೇ ಇದ್ದಾರೆ. ಐದನೆಯದು ವಿಂಡೋಸ್ ಸ್ವತಃ ಏಳುತ್ತಾ ಮುಗ್ಗರಿಸುವುದು: ನೀಲಿ ಪರದೆ, ಸುತ್ತುತ್ತಲೇ ಇರುವ ಚುಕ್ಕಿಗಳು, ಅಪ್‌ಡೇಟ್ ನಡುವೆ ಕರೆಂಟು ಹೋದ ಮೇಲಿನ ಪರದಾಟ. ಈ ಎರಡಕ್ಕೂ ಔಷಧಿ ವಿಂಡೋಸ್ ಒಳಗೇ ಇದೆ. ವಿಂಡೋಸ್ 10 ಮತ್ತು 11ರಲ್ಲಿ ಏಳುವ ಹೊತ್ತಿಗೆ ಸರಿಯಾಗಿ ಪವರ್ ಬಟನ್ ಒತ್ತಿಹಿಡಿದು ಆಫ್ ಮಾಡಿ, ಹೀಗೆ ಎರಡು ಮೂರು ಸಲ ಮಾಡಿದರೆ ಅದು ತಾನಾಗಿಯೇ ದುರಸ್ತಿ ಪರದೆಗೆ ಹೋಗುತ್ತದೆ. ಅಲ್ಲಿ ಟ್ರಬಲ್‌ಶೂಟ್ ಒಳಗೆ ಅಡ್ವಾನ್ಸ್ಡ್ ಆಪ್ಷನ್ಸ್, ಅದರೊಳಗೆ ಸ್ಟಾರ್ಟಪ್ ರಿಪೇರ್, ಕೊನೆಯ ಅಪ್‌ಡೇಟ್ ತೆಗೆದುಹಾಕುವುದು, ಸೇಫ್ ಮೋಡ್ ಎಲ್ಲವೂ ಇವೆ. ಪಕ್ಕದಲ್ಲೇ "ರೀಸೆಟ್ ದಿಸ್ ಪಿಸಿ" ಎಂಬುದೂ ಇರುತ್ತದೆ. ಅದಕ್ಕೆ ಬೆರಳು ಹೋಗುವ ಮೊದಲು ಹತ್ತು ಸಲ ಯೋಚಿಸಿ. ಅದರೊಳಗೆ "ಕೀಪ್ ಮೈ ಫೈಲ್ಸ್" ಎಂಬ ದಾರಿ ನಿಮ್ಮ ಫೈಲುಗಳನ್ನು ಉಳಿಸಿ ತಂತ್ರಾಂಶಗಳನ್ನು ತೆಗೆಯುತ್ತದೆ, "ರಿಮೂವ್ ಎವೆರಿಥಿಂಗ್" ಎಂಬುದು ಹೆಸರೇ ಹೇಳುವಂತೆ ಎಲ್ಲವನ್ನೂ ಗುಡಿಸಿಬಿಡುತ್ತದೆ.

ಯಾವ ಔಷಧಿ ಕೊಡುವ ಮೊದಲೂ ಫೈಲುಗಳನ್ನು ಹೊರಗೆ ತಂದುಕೊಳ್ಳಿ. ವಿಂಡೋಸ್ ಏಳದೆ ಹೊರಗೆ ತರುವುದು ಹೇಗೆ ಎನ್ನುತ್ತೀರಿ. ಇದಕ್ಕೆ ಎರಡು ದಾರಿ ಹೇಳುತ್ತೇನೆ, ವಿದ್ಯಾರ್ಥಿಗಳು ಬರೆದುಕೊಳ್ಳಿ.

ಒಂದು, ಲಿನಕ್ಸ್ ಪೆನ್‌ಡ್ರೈವ್. ಉಬುಂಟು ಎಂಬ ಕಾರ್ಯಾಚರಣ ವ್ಯವಸ್ಥೆ ಉಚಿತವಾಗಿ ಸಿಗುತ್ತದೆ. ಕೆಟ್ಟಿರದ ಇನ್ನೊಂದು ಕಂಪ್ಯೂಟರಿನಲ್ಲಿ ಅದನ್ನು ಇಳಿಸಿಕೊಂಡು ರೂಫಸ್ ಎಂಬ ಚಿಕ್ಕ ತಂತ್ರಾಂಶದಿಂದ ಪೆನ್‌ಡ್ರೈವಿಗೆ ತುಂಬಬೇಕು. ಹಾಗೆ ತುಂಬುವಾಗ ಆ ಪೆನ್‌ಡ್ರೈವಿನಲ್ಲಿ ಮೊದಲಿದ್ದದ್ದೆಲ್ಲ ಅಳಿಸಿಹೋಗುತ್ತದೆ, ಖಾಲಿಯದನ್ನೇ ಬಳಸಿ. ಅದನ್ನು ಏಳದ ಕಂಪ್ಯೂಟರಿಗೆ ಸಿಕ್ಕಿಸಿ, ಆನ್ ಮಾಡುವಾಗ ಎಫ್ 12, ಕೆಲವು ಕಂಪನಿಯವುಗಳಲ್ಲಿ ಎಫ್ 9 ಅಥವಾ ಎಸ್ಕೇಪ್ ಕೀ ಒತ್ತುತ್ತಿದ್ದರೆ ಯಾವುದರಿಂದ ಏಳಲಿ ಎಂದು ಅದು ಕೇಳುತ್ತದೆ. ಪೆನ್‌ಡ್ರೈವ್ ತೋರಿಸಿ. ಉಬುಂಟು ಬಂದಾಗ "ಟ್ರೈ" ಮತ್ತು "ಇನ್‌ಸ್ಟಾಲ್" ಎಂಬ ಎರಡು ದಾರಿ ಇರುತ್ತವೆ. ಟ್ರೈ ಎಂಬುದನ್ನೇ ಒತ್ತಬೇಕು. ಇನ್‌ಸ್ಟಾಲ್ ಒತ್ತಿ ಮುಂದೆ ಮುಂದೆ ಎಂದು ಹೋದರೆ ನನ್ನ ಮೇಷ್ಟ್ರ ಕಥೆಯೇ ಮತ್ತೆ ಆಗುತ್ತದೆ. ಟ್ರೈ ಒತ್ತಿದರೆ ಹಾರ್ಡ್ ಡಿಸ್ಕಿನ ಮೇಲೆ ಏನನ್ನೂ ಬರೆಯದೆ ಉಬುಂಟು ಏಳುತ್ತದೆ. ಅದರ ಫೈಲ್ಸ್ ಕಿಟಕಿಯಲ್ಲಿ ನಿಮ್ಮ ಸಿ ಡ್ರೈವ್ ಕಾಣುತ್ತದೆ. ಯೂಸರ್ಸ್ ಎಂಬ ಫೋಲ್ಡರಿನೊಳಗೆ ನಿಮ್ಮ ಹೆಸರು, ಅದರೊಳಗೆ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಪಿಕ್ಚರ್ಸ್. ಎಲ್ಲವನ್ನೂ ಇನ್ನೊಂದು ಪೆನ್‌ಡ್ರೈವಿಗೋ ಹೊರಗಿನ ಹಾರ್ಡ್ ಡಿಸ್ಕಿಗೋ ನಕಲು ಮಾಡಿಕೊಳ್ಳಿ.

ಎರಡನೆಯದು ತುಸು ಕಳ್ಳದಾರಿ, ನನಗೆ ಬಹಳ ಇಷ್ಟ. ಉಬುಂಟು ಇಲ್ಲದಿದ್ದರೆ ಈಗ ಹೇಳಿದ ದುರಸ್ತಿ ಪರದೆಯಲ್ಲೇ ಕಮಾಂಡ್ ಪ್ರಾಂಪ್ಟ್ ತೆರೆದು "ನೋಟ್‌ಪ್ಯಾಡ್" ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ ಎಂಟರ್ ಒತ್ತಿ. ನೋಟ್‌ಪ್ಯಾಡ್ ಬರುತ್ತದೆ. ಫೈಲ್ ಮೆನುವಿನಲ್ಲಿ ಓಪನ್ ಒತ್ತಿ, ಕೆಳಗೆ "ಆಲ್ ಫೈಲ್ಸ್" ಎಂದು ಬದಲಿಸಿದರೆ ಆ ಚಿಕ್ಕ ಕಿಟಕಿಯಲ್ಲೇ ಎಲ್ಲ ಡ್ರೈವ್‌ಗಳೂ ಕಾಣುತ್ತವೆ. ಫೋಲ್ಡರಿನ ಮೇಲೆ ಬಲಗಡೆ ಕ್ಲಿಕ್ ಮಾಡಿ ಕಾಪಿ, ಪೆನ್‌ಡ್ರೈವಿನೊಳಗೆ ಹೋಗಿ ಪೇಸ್ಟ್. ಡ್ರೈವ್‌ಗಳ ಅಕ್ಷರ ಇಲ್ಲಿ ಅದಲುಬದಲಾಗಿರಬಹುದು, ನಿಮ್ಮ ಸಿ ಇಲ್ಲಿ ಡಿ ಆಗಿ ಕಂಡರೆ ಗಾಬರಿಯಾಗಬೇಡಿ.

ಒಂದು ಅಡ್ಡಿ ಮಾತ್ರ ಈಗ ಹೊಸದಾಗಿ ಬಂದಿದೆ. ಇತ್ತೀಚಿನ ಲ್ಯಾಪ್‌ಟಾಪುಗಳಲ್ಲಿ ಡಿಸ್ಕಿಗೆ ಬಿಟ್‌ಲಾಕರ್ ಎಂಬ ಬೀಗ ಬಿದ್ದಿರುತ್ತದೆ. 2024ರಲ್ಲಿ ಬಂದ ವಿಂಡೋಸ್ 11ರ ಆವೃತ್ತಿಯಿಂದ ಈಚೆಗೆ ಹೊಸ ಯಂತ್ರಗಳಲ್ಲಿ, ಮೈಕ್ರೋಸಾಫ್ಟ್ ಖಾತೆಯಿಂದ ಒಳಗೆ ಹೋದರೆ, ನಾವು ಕೇಳದೆಯೇ ಅದು ಬೀಳುವುದು ಹೆಚ್ಚಾಗಿದೆ. ಅದರ ಕೀಲಿ 48 ಅಂಕಿಗಳ ಒಂದು ಸಂಖ್ಯೆ. ಆ ಸಂಖ್ಯೆ ಇಲ್ಲದಿದ್ದರೆ ಉಬುಂಟು ಅಲ್ಲ, ಯಾರೂ ಒಳಗೆ ಹೋಗಲಾರರು. ಬಹುಮಟ್ಟಿಗೆ ಅದು ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲೇ ಉಳಿದಿರುತ್ತದೆ. ಅಂಗಡಿಯವರು ತಮ್ಮ ಇಮೇಲ್ ಹಾಕಿ ನಿಮ್ಮ ಲ್ಯಾಪ್‌ಟಾಪ್ ಶುರುಮಾಡಿಕೊಟ್ಟಿದ್ದರೆ ಕೀಲಿ ಅವರ ಖಾತೆಯಲ್ಲಿ ಕೂತಿದೆ ಎಂದೇ ಅರ್ಥ. ಲ್ಯಾಪ್‌ಟಾಪ್ ಚೆನ್ನಾಗಿರುವಾಗಲೇ ಆ ಸಂಖ್ಯೆಯನ್ನು ಕಾಗದದ ಮೇಲೆ ಬರೆದು ಪಡಿತರ ಚೀಟಿಯ ಜೊತೆ ಇಡಿ.

ಇದು ಬರೀ ಹಳ್ಳಿಯ ತೊಂದರೆ ಎಂದು ತಿಳಿಯಬೇಡಿ. 2024ರ ಜುಲೈ 19ರಂದು ಏನಾಯಿತು ನೆನಪಿದೆಯೇ? ದೊಡ್ಡ ಕಂಪನಿಗಳ ಕಂಪ್ಯೂಟರುಗಳಿಗೆ ರಕ್ಷಣೆ ಕೊಡುವ ಕ್ರೌಡ್‌ಸ್ಟ್ರೈಕ್ ಎಂಬ ಅಮೆರಿಕದ ಸಂಸ್ಥೆ, ನಮ್ಮ ಸಮಯ ಬೆಳಿಗ್ಗೆ 9 ಗಂಟೆ 39 ನಿಮಿಷಕ್ಕೆ ಒಂದು ಚಿಕ್ಕ ಫೈಲನ್ನು ಕಳಿಸಿತು. ಅದರಲ್ಲಿ ದೋಷವಿತ್ತು. ತಪ್ಪು ಗೊತ್ತಾಗಿ ಅದನ್ನು ಹಿಂತೆಗೆದುಕೊಂಡದ್ದು 10 ಗಂಟೆ 57 ನಿಮಿಷಕ್ಕೆ. ಆ ಒಂದು ಕಾಲು ಗಂಟೆಯ ಅವಧಿಯಲ್ಲಿ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರುಗಳು ನೀಲಿ ಪರದೆ ಹೊದ್ದುಕೊಂಡು ಕೂತವು ಎಂದು ಮೈಕ್ರೋಸಾಫ್ಟ್ ಲೆಕ್ಕ ಕೊಟ್ಟಿತು. ನಮ್ಮ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಇಂಡಿಗೋ, ಆಕಾಸ, ಸ್ಪೈಸ್‌ಜೆಟ್ ವಿಮಾನಗಳ ಪ್ರಯಾಣಿಕರು ಉದ್ದುದ್ದ ಸಾಲುಗಳಲ್ಲಿ ನಿಂತರು. ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸುಗಳನ್ನು ಪೆನ್ನಿನಿಂದ ಬರೆದು ಕೊಟ್ಟರು.

ಅದಕ್ಕೆ ಪರಿಹಾರ ಏನಿತ್ತು ಗೊತ್ತೇ? ಫಾರ್ಮ್ಯಾಟ್ ಅಲ್ಲ. ಕಂಪ್ಯೂಟರನ್ನು ಸೇಫ್ ಮೋಡಿನಲ್ಲಿ ಎಬ್ಬಿಸಿ, ವಿಂಡೋಸ್ ಫೋಲ್ಡರಿನೊಳಗಿನ ಕ್ರೌಡ್‌ಸ್ಟ್ರೈಕ್ ಫೋಲ್ಡರಿಗೆ ಹೋಗಿ, 291 ಎಂಬ ಸಂಖ್ಯೆಯಿದ್ದ ಆ ಒಂದು ಫೈಲನ್ನು ಅಳಿಸುವುದು. ಅಷ್ಟೇ. ಆದರೆ ಏಳದ ಕಂಪ್ಯೂಟರಿಗೆ ಇಂಟರ್‌ನೆಟ್ ಮೂಲಕ ಔಷಧಿ ಕಳಿಸಲು ಆಗುವುದಿಲ್ಲವಲ್ಲ, ಬಹುಪಾಲು ಕಡೆ ಮನುಷ್ಯರೇ ಹೋಗಿ ಒಂದೊಂದರ ಮುಂದೆಯೂ ಕೂರಬೇಕಾಯಿತು. ಬಿಟ್‌ಲಾಕರ್ ಇದ್ದ ಕಡೆ ಆ 48 ಅಂಕಿಗಳನ್ನೂ ಹುಡುಕಿ ತರಬೇಕಾಯಿತು. ಅದಕ್ಕೇ ದಿನಗಟ್ಟಲೆ ಹಿಡಿಯಿತು. ಅವತ್ತು ಆ ದೊಡ್ಡ ಕಂಪನಿಗಳ ಇಂಜಿನಿಯರುಗಳು ಮಾಡಿದ್ದು, ಈ ಹಾಲ್‌ನಲ್ಲಿರುವ ಪಿಯುಸಿ ಹುಡುಗಿ ಕಲಿತು ಮಾಡಬಹುದಾದ ಕೆಲಸವೇ. ಎಲ್ಲಿ ನಿಂತಿದೆ ಎಂದು ತಿಳಿದಿದ್ದರೆ ಸಾಕಾಗಿತ್ತು.

ಕೊನೆಗೂ ವಿಂಡೋಸ್ ಹೊಸದಾಗಿ ಹಾಕಲೇಬೇಕಾಯಿತು ಎನ್ನಿ. ಫೈಲುಗಳನ್ನು ಹೊರಗೆ ತಂದುಕೊಂಡಿದ್ದೀರಿ, ಧೈರ್ಯವಾಗಿ ಹಾಕಿಸಿ. ಆಮೇಲೆ ಕನ್ನಡ ಫೈಲುಗಳನ್ನು ತೆರೆದರೆ ಇಂಗ್ಲಿಷ್ ಅಕ್ಷರಗಳ ತಲೆಗೆ ಕೊಂಬು, ಟೋಪಿ ಇಟ್ಟಂಥ ವಿಚಿತ್ರ ಸಾಲುಗಳು ಕಾಣಬಹುದು. ಫೈಲ್ ಹಾಳಾಯಿತೆಂದು ಅಳಿಸಿದವರನ್ನು ನಾನು ಕಂಡಿದ್ದೇನೆ. ಹಾಳಾಗಿಲ್ಲ. ಹಳೆಯ ನುಡಿ, ಬರಹದ ಫಾಂಟುಗಳು ಹೊಸ ವಿಂಡೋಸಿನಲ್ಲಿ ಇಲ್ಲ, ಅಷ್ಟೇ. ಅದೇ ಫಾಂಟನ್ನು ಮತ್ತೆ ಹಾಕಿದರೆ ಕನ್ನಡ ಮರಳಿ ಬರುತ್ತದೆ. ನಮ್ಮ ಈ ವಾರ್ಷಿಕ ಸಂಚಿಕೆಯ ಹಳೆಯ ಪುಟಗಳೆಲ್ಲ ಅಂಥ ಫಾಂಟಿನಲ್ಲೇ ಇವೆ. ಫೈಲುಗಳ ಜೊತೆ ಫಾಂಟನ್ನೂ ನಕಲು ಮಾಡಿಡಿ ಎಂದು ಸಂಪಾದಕರಿಗೆ ಹೇಳಿದ್ದೇನೆ. ಹೊಸದಾಗಿ ಬರೆಯುವವರು ಯೂನಿಕೋಡಿನಲ್ಲಿ ಬರೆದರೆ ಈ ಗೋಜಲೇ ಇಲ್ಲ.

ನಕಲು ಎಂದಾಗ ನೆನಪಾಯಿತು. ಮುಖ್ಯವಾದ ಯಾವುದೇ ಫೈಲ್ ಮೂರು ಕಡೆ ಇರಲಿ, ಅದರಲ್ಲಿ ಒಂದು ಬೇರೆ ಕಟ್ಟಡದಲ್ಲಿರಲಿ. ಕಚೇರಿಯ ಕಂಪ್ಯೂಟರ್, ಕಾರ್ಯದರ್ಶಿಗಳ ಮನೆಯ ಬೀರುವಿನಲ್ಲೊಂದು ಹಾರ್ಡ್ ಡಿಸ್ಕ್, ಇಂಟರ್‌ನೆಟ್ಟಿನಲ್ಲೊಂದು. ಡಿ ಡ್ರೈವಿನಲ್ಲೂ ಇದೆ ಎಂದರೆ ಅದು ಎರಡನೆಯ ಕಡೆ ಅಲ್ಲ. ಸಿ ಮತ್ತು ಡಿ ಬಹುಪಾಲು ಒಂದೇ ಡಿಸ್ಕಿನ ಎರಡು ಕೋಣೆಗಳು, ಮನೆ ಬಿದ್ದರೆ ಎರಡೂ ಬೀಳುತ್ತವೆ.

(ಭಾಷಣದ ನಂತರ ಸಭಿಕರು ಕೇಳಿದ ಎರಡು ಪ್ರಶ್ನೆಗಳಿಗೆ ಕೊಟ್ಟ ಉತ್ತರ)

ಬಿ.ಕಾಂ. ಓದುತ್ತಿರುವ ಈ ತಂಗಿ ಕೇಳುತ್ತಿದ್ದಾಳೆ, ಫಾರ್ಮ್ಯಾಟ್ ಆಗಿಹೋಗಿದ್ದರೆ ಏನೂ ಮಾಡಲು ಆಗುವುದಿಲ್ಲವೇ ಎಂದು. ಒಳ್ಳೆಯ ಪ್ರಶ್ನೆ ತಾಯಿ. ತಿರುಗುವ ತಟ್ಟೆಯ ಹಳೆಯ ಹಾರ್ಡ್ ಡಿಸ್ಕ್ ಆಗಿದ್ದು, ಕ್ವಿಕ್ ಫಾರ್ಮ್ಯಾಟ್ ಮಾತ್ರ ಆಗಿದ್ದು, ಆಮೇಲೆ ಏನನ್ನೂ ಬರೆಯದಿದ್ದರೆ ಸಾಕಷ್ಟು ಮರಳಿ ಸಿಗುತ್ತದೆ. ಪುಸ್ತಕದ ಪರಿವಿಡಿಯ ಹಾಳೆ ಹರಿದಿದೆ, ಒಳಗಿನ ಪುಟಗಳು ಹಾಗೇ ಇವೆ ಎಂದುಕೊಳ್ಳಿ. ಟೆಸ್ಟ್‌ಡಿಸ್ಕ್, ಫೋಟೋರೆಕ್ ಎಂಬ ಉಚಿತ ತಂತ್ರಾಂಶಗಳು ಆ ಕೆಲಸ ಮಾಡುತ್ತವೆ. ಸಿಕ್ಕಿದ್ದನ್ನು ಬೇರೆ ಡಿಸ್ಕಿಗೇ ಉಳಿಸಬೇಕು, ಅದೇ ಡಿಸ್ಕಿಗೆ ಅಲ್ಲ. ಆದರೆ ಈಗಿನ ಲ್ಯಾಪ್‌ಟಾಪುಗಳಲ್ಲಿರುವ ಎಸ್‌ಎಸ್‌ಡಿ ಡಿಸ್ಕುಗಳಲ್ಲಿ, ಅಳಿಸಿದ ಜಾಗವನ್ನು ಡಿಸ್ಕೇ ತಾನಾಗಿ ತೊಳೆದಿಟ್ಟುಕೊಳ್ಳುತ್ತದೆ. ಅಲ್ಲಿ ಆಸೆ ಬಹಳ ಕಡಿಮೆ. ನಾನು ಮಾಡಿದ ತಪ್ಪನ್ನು ಇವತ್ತು ಮಾಡಿದರೆ ಆ ತುಂಡು ಫೈಲುಗಳೂ ಸಿಗುವುದಿಲ್ಲ.

ಇನ್ನೊಬ್ಬ ಹಿರಿಯರು ಕೇಳಿದ್ದು ವಿಂಡೋಸ್ 10ರ ಬಗ್ಗೆ. 2025ರ ಅಕ್ಟೋಬರ್ 14ಕ್ಕೆ ಅದರ ಅವಧಿ ಮುಗಿದಿದೆ, ಕಂಪ್ಯೂಟರ್ ಎಸೆಯಬೇಕು ಎಂದು ಅಂಗಡಿಯಲ್ಲಿ ಹೇಳಿದರಂತೆ. ಎಸೆಯಬೇಡಿ ಚಾಚಾ. ಅವತ್ತು ಮುಗಿದದ್ದು ಮೈಕ್ರೋಸಾಫ್ಟ್ ಎಲ್ಲರಿಗೂ ಮಾಮೂಲಾಗಿ ಕೊಡುತ್ತಿದ್ದ ಸುರಕ್ಷತೆಯ ಅಪ್‌ಡೇಟುಗಳು. ಕಂಪ್ಯೂಟರ್ ಮೊದಲಿನಂತೆಯೇ ಏಳುತ್ತದೆ. ಬ್ಯಾಂಕಿನ ವ್ಯವಹಾರಕ್ಕೆ ಅದನ್ನು ಹಾಗೇ ಬಳಸುವುದು ಬೇಡ ಎಂಬುದು ನನ್ನ ಸಲಹೆ. ಮಕ್ಕಳು ಟೈಪಿಂಗ್ ಕಲಿಯಲು, ಓದಲು, ಬರೆಯಲು ಅದರಲ್ಲೇ ಉಬುಂಟು ಹಾಕಿಕೊಟ್ಟರೆ ಇನ್ನೂ ಕೆಲವು ವರ್ಷ ದುಡಿಯುತ್ತದೆ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಅದೋ ಆ ಮೂಲೆಯ ಮೇಜಿನ ಮೇಲೆ ಇಟ್ಟಿರುವ ಕಂಪ್ಯೂಟರ್ ನಮ್ಮ ಸದಸ್ಯರೊಬ್ಬರದು, ಎರಡು ತಿಂಗಳಿಂದ ಎದ್ದಿಲ್ಲ. ಮಗಳ ಮದುವೆಯ ಫೋಟೋಗಳೆಲ್ಲ ಅದರಲ್ಲಿವೆಯಂತೆ. ನಾನು ಇನ್ನೂ ಅದನ್ನು ಮುಟ್ಟಿಲ್ಲ. ನನ್ನ ಜೇಬಿನಲ್ಲಿ ಉಬುಂಟು ಪೆನ್‌ಡ್ರೈವ್ ಇದೆ, ಒಂದು ಖಾಲಿ ಹಾರ್ಡ್ ಡಿಸ್ಕೂ ಇದೆ. ಊಟ ಆದ ಮೇಲೆ ವಿದ್ಯಾರ್ಥಿಗಳು ಅಲ್ಲಿಗೆ ಬನ್ನಿ, ಅದು ಎಲ್ಲಿ ನಿಂತಿದೆ ಎಂದು ನೀವೇ ನನಗೆ ಹೇಳಬೇಕು.